ಮುಟ್ಟದೆ ಎಬ್ಬಿಸುವುದನ್ನು ಕಲಿಸುವ ಬಾಗಿಲಮ್ಮ

ಬೆಳಗಿನ ಐದೂಕಾಲು. ಮಕ್ಕಳ ನಿಲಯದ ಮೊದಲ ಮಹಡಿಯಲ್ಲಿ ಆರು ಜನ ಚಪ್ಪಲಿ ಕಳಚಿ, ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತಿದ್ದಾರೆ. ಕೆಲಸಕ್ಕೆ ಸೇರಿ ಇನ್ನೂ ತಿಂಗಳು ತುಂಬದವರು. ಒಬ್ಬ ಆಕಳಿಕೆ ತಡೆಯಲು ಹೋಗಿ ಕಣ್ಣಲ್ಲಿ ನೀರು ತಂದುಕೊಂಡಿದ್ದಾನೆ. ಸಾಲಿನ ಕೊನೆಯಲ್ಲಿರುವ ಹೆಂಗಸಿನ ಎಡಹುಬ್ಬಿನ ಮೇಲೆ ಬಿಳಿ ಪಟ್ಟಿ. ಎಲ್ಲರ ಕಣ್ಣೂ ಮಲಗುವ ಕೋಣೆಯ ಬಾಗಿಲಲ್ಲಿ ನಿಂತ ಗಿಡ್ಡ ಆಕೃತಿಯ ಮೇಲಿದೆ. ಆಕೆಗೆ ಐವತ್ತೊಂಬತ್ತು. ಬೂದು ಸ್ವೆಟರು, ಸ್ವೆಟರಿನ ಜೇಬಿನಲ್ಲಿ ಮೂಲೆಗಳೆಲ್ಲ ಮಡಚಿಹೋದ ಒಂದು ನೋಟುಬುಕ್ಕು.

ಆಕೆ ಒಳಗೆ ಹೋಗುವುದಿಲ್ಲ. ಬಾಗಿಲ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟುತ್ತಾರೆ. ಸುಮ್ಮನೆ ಕಾಯುತ್ತಾರೆ. ಆಮೇಲೆ, ಪಕ್ಕದ ಮನೆಯವರನ್ನು ಬೇಲಿಯಾಚೆಯಿಂದ ಮಾತಾಡಿಸುವಷ್ಟೇ ದನಿಯಲ್ಲಿ, ಮೊದಲ ಮಂಚದ ಹುಡುಗಿಯ ಹೆಸರು ಕರೆಯುತ್ತಾರೆ. "ನಾನು ಬಂದಿದೀನಿ. ಬಾಗಿಲ ಹತ್ರ ಇದೀನಿ. ಐದೂಕಾಲು ಆಯ್ತು." ಹೊದಿಕೆಯೊಳಗಿಂದ ಒಂದು ಕೈ ಹೊರಬಂದು, ಕೇಳಿಸಿತು ಎಂಬಂತೆ ಆಡುತ್ತದೆ. ಆಕೆ ಎರಡನೆಯ ಮಂಚಕ್ಕೆ ತಿರುಗುತ್ತಾರೆ.

ಎರಡು ಕೋಣೆಗಳಲ್ಲಿ ಒಟ್ಟು ಇಪ್ಪತ್ತಾರು ಮಂಚ. ಎಲ್ಲರೂ ಎದ್ದು ಕೂರಲು ನಲವತ್ತು ನಿಮಿಷ ಹಿಡಿಯುತ್ತದೆ. ದೀಪ ಹಾಕಿ, ಗಂಟೆ ಬಾರಿಸಿ, ಚಾದರ ಎಳೆದರೆ ನಾಲ್ಕೇ ನಿಮಿಷದ ಕೆಲಸ. ಆ ನಾಲ್ಕು ನಿಮಿಷದ ಕೆಲಸವನ್ನು ನಲವತ್ತು ನಿಮಿಷ ಮಾಡುವುದನ್ನು ಈ ಹೆಂಗಸು ಹತ್ತೊಂಬತ್ತು ವರ್ಷಗಳಿಂದ ಕಲಿಸುತ್ತಿದ್ದಾರೆ. ಕಾಗದದ ಮೇಲೆ ಅವರ ಹುದ್ದೆ ಸಿಬ್ಬಂದಿ ತರಬೇತುದಾರರು. ಮಕ್ಕಳ ಬಾಯಲ್ಲಿ ಬಾಗಿಲಮ್ಮ.

ಜೇಬಿನ ನೋಟುಬುಕ್ಕಿಗೆ 'ಎಬ್ಬಿಸುವ ಪುಸ್ತಕ' ಎಂದು ಹೆಸರು. ಮಗುವೊಂದು ನಿಲಯಕ್ಕೆ ಬಂದ ಮೊದಲ ಸಂಜೆ ಬಾಗಿಲಮ್ಮ ಕೇಳುವ ಪ್ರಶ್ನೆ ಒಂದೇ: ನಿನ್ನನ್ನ ಹೇಗೆ ಎಬ್ಬಿಸಲಿ? ಉತ್ತರಗಳು ಪೆನ್ಸಿಲ್ಲಿನಲ್ಲಿವೆ, ಏಕೆಂದರೆ ಅವು ಬದಲಾಗುತ್ತವೆ. ಮೂರನೇ ಮಂಚ: ದೀಪ ಬೇಡ, ಮೊದಲು ಕಿಟಕಿಯ ಪರದೆ ಸರಿಸಬೇಕು. ಏಳನೇ ಮಂಚ: ಹೆಸರು ಎರಡೇ ಸಲ, ಮೂರನೇ ಸಲ ಕರೆದರೆ ಅಳುತ್ತಾಳೆ. ಹನ್ನೊಂದು: ಗಂಟೆ ಎಷ್ಟೆಂದು ಹೇಳಬೇಕು, 'ಬೇಗ' ಎನ್ನಬಾರದು. ಹದಿನಾಲ್ಕನೆಯದಕ್ಕೆ ಒಂದೇ ಸಾಲು: ಬೂಟು ಮುಟ್ಟಬೇಡಿ.

ಆ ಸಾಲನ್ನು ಮೀರಿದ್ದಕ್ಕೇ ಕೊನೆಯಲ್ಲಿ ನಿಂತ ಹೆಂಗಸಿನ ಹುಬ್ಬಿಗೆ ಮೂರು ಹೊಲಿಗೆ ಬಿದ್ದಿರುವುದು. ಆ ಕಾರಣಕ್ಕೇ ಹದಿನಾಲ್ಕನೇ ಮಂಚದ ಹದಿಮೂರು ವರ್ಷದ ಹುಡುಗಿ ಈ ಶುಕ್ರವಾರ ನಿಲಯ ಬಿಡಬೇಕಾಗಿ ಬಂದಿರುವುದು.

ನಡೆದದ್ದು ಹಿಂದಿನ ಬುಧವಾರ. ಹುಡುಗಿ ಯಾವಾಗಲೂ ಬೂಟು ಹಾಕಿಕೊಂಡೇ ಮಲಗುತ್ತಾಳೆ. ಬರಿಗಾಲಲ್ಲಿ ಓಡಬೇಕಾಗಿ ಬಂದ ರಾತ್ರಿಗಳು ಅವಳ ಲೆಕ್ಕದಲ್ಲಿವೆ. ಅವನ್ನು ಅವಳು ಯಾರಿಗೂ ಹೇಳಿಲ್ಲ, ಯಾರೂ ಕೆದಕಿಲ್ಲ. ಹುಬ್ಬಿಗೆ ಪಟ್ಟಿ ಹಾಕಿಕೊಂಡ ಈ ಹೊಸ ಕೇರ್‌ಟೇಕರ್, ಕೆಲಸಕ್ಕೆ ಬರುವ ಮೊದಲು ಏಳು ವರ್ಷ ಬಟ್ಟೆಯಂಗಡಿಯ ಕೌಂಟರಿನಲ್ಲಿದ್ದವರು. ಮಡಿಸಿದ ಬಟ್ಟೆಯ ಅಂಚು ಒಂದೆಳೆ ಆಚೀಚೆ ಆದರೂ ಅವರ ಕೈ ಸುಮ್ಮನಿರುವುದಿಲ್ಲ, ಹಾಗಾಗಿ ಮಕ್ಕಳು ಅವರಿಗೆ 'ಅಂಗಡಿ ಅಕ್ಕ' ಎಂದು ಹೆಸರಿಟ್ಟಿದ್ದಾರೆ. ಬುಧವಾರ ಹೊಸ ಚಾದರ ಹಾಸಿದ ಮರುದಿನ. ಕೆಸರು ಮೆತ್ತಿದ ಬೂಟು ಬಿಳಿ ಚಾದರದ ಮೇಲೆ. ನೋಡಿದ ತಕ್ಷಣ, ಸೇರಿದ ದಿನವೇ ಓದಿ ಹೇಳಿದ್ದ ಪುಸ್ತಕದ ಸಾಲು ಅವರಿಗೆ ಮರೆತೇಹೋಯಿತು. ನಿದ್ದೆಯಲ್ಲಿದ್ದ ಹುಡುಗಿಯ ಕಾಲು ಹಿಡಿದು ಲೇಸು ಬಿಚ್ಚಿದರು. ಒಂದು ಬೂಟು ಕೈಗೆ ಬರುವಷ್ಟರಲ್ಲಿ ಇನ್ನೊಂದು ಅವರ ಹುಬ್ಬಿಗೆ ಅಪ್ಪಳಿಸಿತ್ತು.

ಅಂಗಡಿ ಅಕ್ಕ ಅಂದು ಬರೆದ ಘಟನಾ ವರದಿಯಲ್ಲಿ ಇಷ್ಟೇ ಇತ್ತು: "ಎಬ್ಬಿಸಲು ಹೋದಾಗ ಮಗು ಕಾಲಿನಿಂದ ಒದ್ದು ಗಾಯಗೊಳಿಸಿತು." ಹುಡುಗಿಯ ಫೈಲಿನಲ್ಲಿ ಅಂಥ ವರದಿ ಮೊದಲೇ ಎರಡಿದ್ದವು. ಮೂರಾದರೆ, ಮಗು ಎಲ್ಲಿರಬೇಕೆಂದು ತೀರ್ಮಾನಿಸುವ ಸಮಿತಿ ಕೂರುತ್ತದೆ. ಸಮಿತಿ ಕೂತರೆ ಮಗು ಸಾಮಾನ್ಯವಾಗಿ ಭದ್ರತಾ ನಿಲಯಕ್ಕೆ ಹೋಗುತ್ತದೆ. ತಪ್ಪು ಮಾಡಿ ಪೊಲೀಸರ ಕೈಗೆ ಸಿಕ್ಕ ಮಕ್ಕಳನ್ನು ಇಡುವ ಜಾಗ ಅದು. ಮಕ್ಕಳು ಅದನ್ನು 'ಬೀಗದ ಮನೆ' ಎನ್ನುತ್ತಾರೆ. ಅಲ್ಲಿ ಮಲಗುವ ಮುಂಚೆ ಬೂಟನ್ನು ಕಪಾಟಿಗೆ ಹಾಕಿ ಬೀಗ ಜಡಿಯುತ್ತಾರೆ.

ಆ ಬೆಳಿಗ್ಗೆ ಬಾಗಿಲಮ್ಮ ಬೇರೆ ಊರಿನ ನಿಲಯದಲ್ಲಿದ್ದರು. ಮರುದಿನ ಬಂದವರು ಹದಿನಾಲ್ಕನೇ ಮಂಚದ ಪಕ್ಕದ ಹುಡುಗಿಯನ್ನು ಕೇಳಿದಾಗ ನಡೆದದ್ದೆಲ್ಲ ಹೊರಬಿತ್ತು. ನಿಲಯದ ಮುಖ್ಯಸ್ಥರ ಬಳಿ ಹೋದರು. ಅವರು ಕೆಟ್ಟವರೇನಲ್ಲ, ನಿಯಮದ ಪುಸ್ತಕ ತೆರೆದು ತೋರಿಸಿದರು. ಒಂದೇ ಕೋಣೆಯ ಮಕ್ಕಳ ಮಾತು ಸಮಿತಿಯ ಮುಂದೆ ನಿಲ್ಲುವುದಿಲ್ಲ. ನೀವು ಅಲ್ಲಿರಲಿಲ್ಲ, ಆದ್ದರಿಂದ ನಿಮ್ಮ ಮಾತೂ ಇಲ್ಲ. ವರದಿಗೆ ಏನಾದರೂ ಸೇರಿಸಬಹುದಾದವರು ಅದನ್ನು ಬರೆದವರು ಮಾತ್ರ, ಅದೂ ಸಮಿತಿಯ ಹಿಂದಿನ ದಿನವಾದ ಮುಂದಿನ ಗುರುವಾರ ಸಂಜೆ ಐದರೊಳಗೆ.

"ಮಗೂನೇ ಹೇಳ್ಬಹುದಲ್ವಾ ಅಂತ ಜನ ಕೇಳ್ತಾರೆ," ಎನ್ನುತ್ತಾರೆ ಬಾಗಿಲಮ್ಮ. "ಹೇಳಲ್ಲ. ಹೇಳಿ ಹೇಳಿ ಸುಸ್ತಾದ ಮಕ್ಕಳು ಇವು. ಇಲ್ಲಿಗೆ ಬರೋ ಹೊತ್ತಿಗೆ ಬಾಯಿ ಹೊಲಿದುಕೊಂಡಿರ್ತಾರೆ."

ಅವರು ಈ ಕೆಲಸಕ್ಕೆ ಬಂದದ್ದು ಇಪ್ಪತ್ತೆಂಟನೇ ವಯಸ್ಸಿನಲ್ಲಿ, ಬೇರೆ ಯಾವ ಕೆಲಸವೂ ಸಿಗದೆ. ಅವರೇ ಹೇಳುವ ಮಾತಿದು, ಇದರಲ್ಲಿ ಅವರಿಗೆ ಎಳ್ಳಷ್ಟೂ ಸಂಕೋಚವಿಲ್ಲ. ಸೇರಿದ ದಿನ ಕೊಟ್ಟ ತರಬೇತಿ ಎಂದರೆ ಒಂದು ಬೀಗದ ಕೈ ಗೊಂಚಲು ಮತ್ತು ಒಂದು ಸೀಟಿ. ಮೊದಲ ಹನ್ನೆರಡು ವರ್ಷ ಮಕ್ಕಳ ಜೊತೆ, ಆಮೇಲಿನದೆಲ್ಲ ಮಕ್ಕಳನ್ನು ನೋಡಿಕೊಳ್ಳುವವರ ಜೊತೆ. ಈಗ ಹನ್ನೊಂದು ನಿಲಯಗಳು, ಎರಡು ಬೀಗದ ಮನೆಗಳು ಅವರ ವ್ಯಾಪ್ತಿಗೆ ಸೇರಿವೆ. ಇದುವರೆಗೆ ಆರುನೂರ ನಲವತ್ತು ಜನರಿಗೆ ತರಬೇತಿ ಕೊಟ್ಟಿದ್ದಾರೆ. ಅವರಲ್ಲಿ ಈಗ ಕೆಲಸದಲ್ಲಿ ಉಳಿದವರು ನೂರ ಹತ್ತು. ಒಬ್ಬೊಬ್ಬರು ಸರಾಸರಿ ಹದಿನಾಲ್ಕು ತಿಂಗಳು ನಿಲ್ಲುತ್ತಾರೆ. ಒಂಬತ್ತು ದಿನ ಇದ್ದ ತರಬೇತಿಯನ್ನು ಮೇಲಿನವರು ನಾಲ್ಕಕ್ಕೆ ಇಳಿಸಿದ್ದಾರೆ. ಆ ನಾಲ್ಕರಲ್ಲಿ ಎರಡನ್ನು ಬಾಗಿಲಮ್ಮ ಎಬ್ಬಿಸುವುದಕ್ಕೇ ಎತ್ತಿಡುತ್ತಾರೆ ಎಂದು ಕಚೇರಿಯಲ್ಲಿ ಮೂಗು ಮುರಿಯುವವರಿದ್ದಾರೆ.

"ಮಗು ಇಡೀ ದಿನ ಹೇಗಿರುತ್ತೆ ಅನ್ನೋದು ಮೊದಲ ಎರಡು ನಿಮಿಷದಲ್ಲಿ ತೀರ್ಮಾನ ಆಗಿಹೋಗಿರುತ್ತೆ. ನಿದ್ದೇಲಿ ಏಟು ತಿಂದ ಮಗು ಕಣ್ಣು ಬಿಡೋಕೆ ಮುಂಚೆ ಕೈ ಎತ್ತುತ್ತೆ. ಅದು ಹೊಡೆಯೋಕಲ್ಲ, ತಡೆಯೋಕೆ. ಆದರೆ ನಾವು ಅಷ್ಟು ಹತ್ರ ಬಗ್ಗಿದ್ರೆ ಮುಖಕ್ಕೆ ತಾಗುತ್ತೆ, ಅಷ್ಟೇ."

ಇದಕ್ಕೆ ತೆತ್ತದ್ದೂ ಇದೆ. ದಿನಾ ಬೆಳಗಿನ ಜಾವ ನಾಲ್ಕರ ಬಸ್ಸು. ಗಂಡ ಟೈಲರ್, ಮನೆಯ ಮುಂದಿನ ಕೋಣೆಯೇ ಅಂಗಡಿ. "ನಮ್ಮನೇಲೂ ಹಾಗೇ, ಬಾಗಿಲಲ್ಲಿ ನಿಂತು ಟೈಮು ಹೇಳ್ತಾಳೆ. ರೈಲ್ವೆ ಸ್ಟೇಷನ್ನಲ್ಲಿ ಸಂಸಾರ ಮಾಡಿದ ಹಾಗಿದೆ," ಎಂದು ಆತ ತಮಾಷೆ ಮಾಡುತ್ತಾರೆ. ಮದುವೆಯಾಗಿ ಬೇರೆ ಮನೆಯಲ್ಲಿರುವ ಮಗಳು ತಮಾಷೆ ಮಾಡುವುದಿಲ್ಲ. "ಅಮ್ಮ ಊರ ಮಕ್ಕಳನ್ನೆಲ್ಲ ಎಬ್ಬಿಸೋಕೆ ಹೋಗ್ತಿದ್ಳು. ನನ್ನನ್ನ ಅಪ್ಪ ಎಬ್ಬಿಸ್ತಿದ್ರು. ಈಗ ಅರ್ಥ ಆಗುತ್ತೆ. ಆಗ ಆಗ್ತಿರ್ಲಿಲ್ಲ," ಎಂದಷ್ಟೇ ಹೇಳಿ ಮಾತು ಮುಗಿಸುತ್ತಾಳೆ.

ಮಂಗಳವಾರ ಕೆಳಮಹಡಿಯ ತರಬೇತಿ ಕೋಣೆಯಲ್ಲಿ ಮೂರು ಖಾಲಿ ಮಂಚ ಹಾಕಿಸಿದ್ದಾರೆ. ಆರು ಜನ ಜೋಡಿ ಜೋಡಿಯಾಗುತ್ತಾರೆ. ಒಬ್ಬರು ಮಲಗಬೇಕು, ಇನ್ನೊಬ್ಬರು ಹೊದಿಕೆ ಎಳೆದು ಎಬ್ಬಿಸಬೇಕು, ತಪ್ಪು ರೀತಿಯಲ್ಲಿ, ಬೇಕೆಂದೇ. ಎಷ್ಟು ಹೊತ್ತಿಗೆ ಎಂದು ಮಲಗಿದವರಿಗೆ ಹೇಳುವುದಿಲ್ಲ, ಹತ್ತು ನಿಮಿಷವಾಗಬಹುದು, ನಲವತ್ತಾಗಬಹುದು. ಮೊದಲು ವಾಚ್‌ಮನ್ ಆಗಿದ್ದ ದಢೂತಿ ಮನುಷ್ಯ ಐದೇ ನಿಮಿಷದಲ್ಲಿ ಗೊರಕೆ ಹೊಡೆಯುತ್ತಾನೆ. ರಾತ್ರಿ ಪಾಳಿಯಲ್ಲಿ ಪಳಗಿದ ನಿದ್ದೆ ಎಂದು ಯಾರೋ ಮೆಲ್ಲಗೆ ಹೇಳಿದ್ದಕ್ಕೆ ಬಾಗಿಲಮ್ಮನ ಮುಖದಲ್ಲೂ ನಗು ಬರುತ್ತದೆ.

ಎಬ್ಬಿಸಿದ ಮೇಲೆ ಇಬ್ಬರೂ ಬೇರೆ ಬೇರೆ ಕೂತು ಏನಾಯಿತೆಂದು ಬರೆಯಬೇಕು. ಬಾಗಿಲಮ್ಮನ ತರಬೇತಿಯ ಹೂರಣ ಇರುವುದು ಇಲ್ಲೇ. ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಅವರು ಗಟ್ಟಿಯಾಗಿ ಓದುತ್ತಾರೆ, ಒಂದು ಮಾತೂ ಸೇರಿಸದೆ. ಅಂಗಡಿ ಅಕ್ಕ ಮಲಗಿದ್ದವರು, ಎಬ್ಬಿಸಿದ್ದು ಕನ್ನಡಕದ ಯುವಕ. ಯುವಕನ ಹಾಳೆಯಲ್ಲಿದೆ: "ಎಬ್ಬಿಸಲು ಹೋದಾಗ ಕಿರುಚಿ ನನ್ನ ಕೈ ತಳ್ಳಿದರು." ಅಂಗಡಿ ಅಕ್ಕನ ಹಾಳೆಯಲ್ಲಿದೆ: "ಯಾರೋ ಹೊದಿಕೆ ಕಿತ್ತುಕೊಂಡರು. ಎದೆ ಧಸಕ್ಕೆಂದಿತು. ಕೈ ತಾನಾಗಿಯೇ ಹೋಯಿತು."

"ಹೊದಿಕೆ ಎಳೆದಿದ್ದು ಬರೀಲಿಲ್ವಲ್ಲಪ್ಪ," ಎಂದು ಬಾಗಿಲಮ್ಮ ಕೇಳುತ್ತಾರೆ.

"ಅದು ನೀವೇ ಹೇಳಿದ್ದಲ್ವಾ ಮೇಡಂ. ಬರೆಯೋದು ಬೇಕು ಅಂತ ಅನ್ನಿಸ್ಲಿಲ್ಲ," ಎಂದು ಯುವಕ ತಲೆ ಕೆರೆದುಕೊಳ್ಳುತ್ತಾನೆ.

ಪ್ರತಿ ತಂಡದಲ್ಲೂ ಹೀಗೇ. ಎಬ್ಬಿಸಿದವರಲ್ಲಿ ಹತ್ತಕ್ಕೆ ಎಂಟು ಜನ ತಮ್ಮ ಕೈಯನ್ನು ಬರೆಯುವುದಿಲ್ಲ. ಇದರಲ್ಲಿ ಸುಳ್ಳು ಹೇಳುವ ಇರಾದೆ ಯಾರಿಗೂ ಇರುವುದಿಲ್ಲ. ನಾವು ಮಾಡಿದ್ದು ಕೆಲಸ, ಮಗು ಮಾಡಿದ್ದು ಘಟನೆ. ವರದಿಗೆ ಬೇಕಾದದ್ದು ಘಟನೆ ತಾನೇ. ಅಂಗಡಿ ಅಕ್ಕ ಆ ಎರಡು ಹಾಳೆಗಳನ್ನು ಮತ್ತೆ ಮತ್ತೆ ನೋಡುತ್ತಾ ಕೂರುತ್ತಾರೆ.

ಬುಧವಾರ ಇಬ್ಬರೂ ಚಾದರದ ಕೋಣೆಯಲ್ಲಿ ಸಿಗುತ್ತಾರೆ. ಅಂಗಡಿ ಅಕ್ಕ ಒಗೆದು ಬಂದ ಚಾದರಗಳನ್ನು ಮಡಿಸುತ್ತಿದ್ದಾರೆ. ಬಾಗಿಲಮ್ಮ ಇನ್ನೊಂದು ತುದಿ ಹಿಡಿಯುತ್ತಾರೆ.

"ನಂಗೆ ನಾಲ್ಕು ವರ್ಷದ ಮಗಳಿದಾಳೆ ಮೇಡಂ," ಎಂದು ಅಂಗಡಿ ಅಕ್ಕನೇ ಮೊದಲು ಬಾಯಿ ಬಿಡುತ್ತಾರೆ. "ಕೆಲಸ ಖಾಯಂ ಆಗೋಕೆ ಇನ್ನೂ ಐದು ತಿಂಗಳಿದೆ. ಪುಸ್ತಕದಲ್ಲಿ ಬರೆದಿದ್ದನ್ನ ಮೀರಿ ಮಗೂನ ಮುಟ್ಟಿದೆ ಅಂತ ನಾನೇ ಬರೆದುಕೊಟ್ರೆ ಮನೆಗೆ ಕಳಿಸ್ತಾರೆ."

"ಕಳಿಸಬಹುದು. ಇಲ್ಲ ಅಂತ ಸುಳ್ಳು ಹೇಳಲ್ಲ."

"ಹೆಂಗಾದ್ರೂ ಅವಳು ಒದ್ದಿದ್ದು ನಿಜ ತಾನೇ."

"ನಿಜ. ನೀನು ಬರೆದಿದ್ರಲ್ಲಿ ಒಂದಕ್ಷರಾನೂ ಸುಳ್ಳಿಲ್ಲ ಕಣಮ್ಮ."

ಬಾಗಿಲಮ್ಮ ಬೈಯುವುದಿಲ್ಲ. ಸ್ವೆಟರಿನ ಒಳಜೇಬಿನಿಂದ ನಾಲ್ಕು ಮಡಿಕೆಯ ಒಂದು ಜೆರಾಕ್ಸ್ ಪ್ರತಿ ತೆಗೆದು ಚಾದರದ ಮೇಲಿಡುತ್ತಾರೆ. ಇಪ್ಪತ್ತನಾಲ್ಕು ವರ್ಷದ ಹಿಂದಿನ ಘಟನಾ ವರದಿ. ದುಂಡಗಿನ ಅಕ್ಷರ, ಆರು ಸಾಲು, ಕೆಳಗೆ ಅವರದೇ ಸಹಿ. ಆಗ ಅವರಿದ್ದ ನಿಲಯದ ಹುಡುಗರ ವಿಭಾಗದಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬ ಕೈ ಬೀಸಿ ಅವರ ಮುಂದಿನ ಹಲ್ಲು ಮುರಿದಿದ್ದ. ಆ ವರದಿ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಮೇಲಧಿಕಾರಿ ಅದನ್ನು ಸಭೆಯಲ್ಲಿ ಓದಿ, ವರದಿ ಎಂದರೆ ಹೀಗಿರಬೇಕು ಎಂದು ಎಲ್ಲರಿಗೂ ತೋರಿಸಿದ್ದರು. ಹುಡುಗನನ್ನು ಅದೇ ವಾರ ಬೀಗದ ಮನೆಗೆ ಕಳಿಸಿದರು.

"ಎರಡು ಸಲ ಕರೆದೆ, ಏಳ್ಲಿಲ್ಲ. ಹೊದಿಕೆ ಕಿತ್ತು ಎಸೆದು ತೋಳು ಹಿಡಿದು ಎಳೆದೆ. ಈಗ ನೋಡು, ಆರು ಸಾಲಿದೆ. ಆರರಲ್ಲೂ ಅವನ ಕೈ ಇದೆ. ನನ್ನ ಕೈ ಒಂದರಲ್ಲೂ ಇಲ್ಲ," ಎನ್ನುತ್ತಾರೆ ಬಾಗಿಲಮ್ಮ.

ಐದು ವರ್ಷ ಅವರಿಗೆ ಅದು ತಪ್ಪೆಂದು ಹೊಳೆಯಲೇ ಇಲ್ಲ. ತರಬೇತುದಾರರಾಗಿ ನೇಮಕವಾದ ಮೇಲೆ, ಪಾಠಕ್ಕೆಂದು ಒಳ್ಳೆಯ ವರದಿಯ ಮಾದರಿ ಹುಡುಕುತ್ತಾ ಹಳೆಯ ಫೈಲು ತೆರೆದರು. ತಮ್ಮದೇ ಅಕ್ಷರವನ್ನು ಬೇರೆ ಯಾರದೋ ಎಂಬಂತೆ ಓದಿದರು. ಅಂದು ಸಂಜೆಯೇ ಬೀಗದ ಮನೆಗೆ ಹೋದರು. ಹುಡುಗನಿಗೆ ಆಗ ಹದಿನೇಳು. ಮೊದಲೆರಡು ಭೇಟಿಯಲ್ಲಿ ಅವನು ಹೊರಗೆ ಬರಲಿಲ್ಲ. ಮೂರನೇ ಸಲ ಬಂದು ಎದುರಿನ ಕುರ್ಚಿಯಲ್ಲಿ ಕೂತ. ಇವರು ಕ್ಷಮೆ ಕೇಳಿದರು.

ಅವನು ಹೇಳಿದ್ದನ್ನು ಬಾಗಿಲಮ್ಮ ಅಂಗಡಿ ಅಕ್ಕನಿಗೆ ಹೇಳುತ್ತಾರೆ: "'ಹೊದಿಕೆ ಎಳೆದಿದ್ದು ನಾನು ಅವತ್ತೇ ಹೇಳಿದ್ದೆ ಟೀಚರ್. ಯಾರೂ ಬರ್ಕೊಳ್ಳಲಿಲ್ಲ' ಅಂದ. ಸಿಟ್ಟಿರ್ಲಿಲ್ಲ. ಬಸ್ಸು ತಪ್ಪಿಹೋಯ್ತು ಅಂತೀವಲ್ಲ, ಹಾಗೆ ಅಂದ. ಎದ್ದು ಒಳಗೆ ಹೋದ. ಆಮೇಲೆ ಎಲ್ಲಿದಾನೆ ಅಂತ ಗೊತ್ತಿಲ್ಲ. ಹುಡುಕಿದೀನಿ."

ಚಾದರದ ಮಡಿಕೆ ಅರ್ಧಕ್ಕೆ ನಿಂತಿದೆ. ಅಂಗಡಿ ಅಕ್ಕ ಕೇಳುತ್ತಾರೆ: "ನೀವು ಬರೆದು ಸೇರಿಸಬಹುದಿತ್ತಲ್ವಾ, ಆಮೇಲಾದ್ರೂ."

"ಕೇಳಿದೆ. ಮುಗಿದ ಫೈಲು, ಈಗ ಯಾರೂ ಏನೂ ಸೇರಿಸೋ ಹಾಗಿಲ್ಲ ಅಂದ್ರು. ನಿಂಗೆ ನಾಳೆ ಐದರ ತನಕ ಟೈಮಿದೆ. ಬರಿ ಅಂತ ನಾನು ಹೇಳಲ್ಲ. ಹೆದರಿಸಿ ಬರೆಸಿದ್ರೆ ನೀನು ಹೆದರೋದನ್ನೇ ಕಲಿತೀಯ, ನಾಳೆ ಅದನ್ನೇ ಮಕ್ಕಳಿಗೆ ಕಲಿಸ್ತೀಯ."

ಬಾಗಿಲಮ್ಮ ಹೊರಗೆ ಹೋಗುತ್ತಾರೆ. ಆ ರಾತ್ರಿ ತಮಗೆ ನಿದ್ದೆ ಹತ್ತಲಿಲ್ಲವೆಂದೂ, ಹೊಸಬಳ ಕೆಲಸವನ್ನು ಪಣಕ್ಕಿಡುವ ಹಕ್ಕು ತಮಗೆಲ್ಲಿದೆ ಎಂದು ತಮ್ಮನ್ನೇ ಬೈದುಕೊಂಡದ್ದಾಗಿಯೂ ಆಮೇಲೆ ಒಪ್ಪಿಕೊಳ್ಳುತ್ತಾರೆ. ಒಳ್ಳೆಯವರಾಗಿರುವುದು ಇಂಥ ಕಡೆ ಅಗ್ಗದ ಸಂಗತಿಯಲ್ಲ, ಮತ್ತು ಅದರ ಬೆಲೆ ತೆರಬೇಕಾದವರು ಯಾವಾಗಲೂ ತೀರಾ ಕೆಳಗಿನ ಮೆಟ್ಟಿಲಲ್ಲಿ ನಿಂತವರೇ ಆಗಿರುತ್ತಾರೆ.

ಗುರುವಾರ ನಾಲ್ಕೂವರೆ ದಾಟಿದರೂ ಕಚೇರಿಗೆ ಯಾರೂ ಬರುವುದಿಲ್ಲ. ಬಾಗಿಲಮ್ಮ ಹೊರಗಿನ ಬೆಂಚಿನ ಮೇಲೆ ಮುಂದಿನ ವಾರದ ಪಟ್ಟಿ ಬರೆಯುವ ನೆಪದಲ್ಲಿ ಕೂತಿದ್ದಾರೆ. ಹಾಳೆಯ ಮೇಲೆ ಒಂದು ಸಾಲೂ ಮೂಡಿಲ್ಲ. ಐದಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಅಂಗಡಿ ಅಕ್ಕ ಮೆಟ್ಟಿಲಿಳಿದು ಬರುತ್ತಾರೆ. ಯಾರ ಮುಖವನ್ನೂ ನೋಡದೆ ಒಳಗೆ ಹೋಗುತ್ತಾರೆ. ಗುಮಾಸ್ತರು ಮೊಹರು ಒತ್ತುವ ಸದ್ದು ಹೊರಗೆ ಕೇಳುತ್ತದೆ.

ಶುಕ್ರವಾರ ಸಮಿತಿಯ ಕೋಣೆಯಲ್ಲಿ ಮೂವರು ಸದಸ್ಯರು, ಉದ್ದನೆಯ ಮೇಜು, ಮೇಜಿನ ಈಚೆ ಮರದ ಕುರ್ಚಿಯಲ್ಲಿ ಹುಡುಗಿ. ಅವಳ ಹಿಂದೆ ಬಾಗಿಲಮ್ಮ, ಗೋಡೆಯ ಪಕ್ಕ ಅಂಗಡಿ ಅಕ್ಕ. ಹುಡುಗಿಯ ಬಟ್ಟೆಬರೆಯ ಚೀಲ ಆಗಲೇ ತುಂಬಿ ಹೊರಗೆ ಇಟ್ಟಾಗಿದೆ. ಅಧ್ಯಕ್ಷೆ ಮೊದಲ ವರದಿ ಓದುತ್ತಾರೆ, ಎರಡನೆಯದು ಓದುತ್ತಾರೆ. ಹುಡುಗಿ ನೆಲ ನೋಡುತ್ತಿದ್ದಾಳೆ. ಮೂರನೆಯದಕ್ಕೆ ಇನ್ನೊಂದು ಹಾಳೆ ಪಿನ್ನು ಹಾಕಿದೆ. ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು ಅದನ್ನೂ ಓದುತ್ತಾರೆ.

"ಬೂಟು ಮುಟ್ಟಬಾರದು ಎಂದು ನನಗೆ ಮೊದಲೇ ತಿಳಿಸಿದ್ದರು. ಚಾದರ ಹಾಳಾಗುತ್ತದೆಂದು ನಾನು ಮುಟ್ಟಿದೆ. ನಿದ್ದೆಯಲ್ಲಿದ್ದ ಮಗುವಿನ ಕಾಲನ್ನು ನಾನು ಮೊದಲು ಹಿಡಿದುಕೊಂಡೆ. ಅವಳು ಒದ್ದದ್ದು ಆಮೇಲೆ."

ಅಧ್ಯಕ್ಷೆ ಹಾಳೆ ಕೆಳಗಿಟ್ಟು ಹುಡುಗಿಯನ್ನು ಕೇಳುತ್ತಾರೆ: "ಹೀಗೇ ನಡೀತಾ ಮಗು?"

ಹುಡುಗಿ ತಲೆ ಎತ್ತುತ್ತಾಳೆ. ಅಂಗಡಿ ಅಕ್ಕನ ಕಡೆ ನೋಡುತ್ತಾಳೆ, ಮತ್ತೆ ಅಧ್ಯಕ್ಷೆಯ ಕಡೆ. ನಿಲಯಕ್ಕೆ ಬಂದ ಎಂಟು ತಿಂಗಳಲ್ಲಿ ತನ್ನ ಮೇಲಿನ ವರದಿಗಳ ಬಗ್ಗೆ ಅವಳು ಬಾಯಿ ಬಿಟ್ಟದ್ದು ಇದೇ ಮೊದಲು.

"ಹೌದು. ಹಿಡಿದಿದ್ದು ಎಡಗಾಲು," ಎನ್ನುತ್ತಾಳೆ.

ಅಧ್ಯಕ್ಷೆ ಪೆನ್ನು ತೆಗೆದುಕೊಂಡು ಅದನ್ನು ಬರೆದುಕೊಳ್ಳುತ್ತಾರೆ.

ಹುಡುಗಿ ಇದೇ ನಿಲಯದಲ್ಲಿ ಇರಲಿ, ಎರಡು ತಿಂಗಳ ನಂತರ ಮತ್ತೆ ನೋಡೋಣ ಎಂದು ಸಮಿತಿ ತೀರ್ಮಾನಿಸಿದೆ. ಅಂಗಡಿ ಅಕ್ಕನ ಕೆಲಸ ಹೋಗಿಲ್ಲ, ಆದರೆ ಪರೀಕ್ಷಾ ಅವಧಿಯನ್ನು ಮೂರು ತಿಂಗಳು ಹೆಚ್ಚಿಸಿದ್ದಾರೆ. ಫೈಲಿಗೆ ಎಚ್ಚರಿಕೆಯ ಪತ್ರವೂ ಬಿದ್ದಿದೆ. "ನ್ಯಾಯ ಆಯ್ತು ಅಂತ ಹೇಳಲ್ಲ. ನಿಜ ಬರೆದೋರಿಗೆ ಎಚ್ಚರಿಕೆ ಪತ್ರ, ಬರೀದೇ ಇದ್ದ ನಂಗೆ ಅವತ್ತು ಚಪ್ಪಾಳೆ," ಎನ್ನುತ್ತಾರೆ ಬಾಗಿಲಮ್ಮ. ಈ ಅನ್ಯಾಯ ಅವರಿಗೆ ನುಂಗಲಾರದ ತುತ್ತು. ಎಚ್ಚರಿಕೆ ಪತ್ರ ಹಿಂದಕ್ಕೆ ಪಡೆಯಿರಿ ಎಂದು ಬರೆದ ಅರ್ಜಿ ಈಗ ಮೇಲಿನ ಕಚೇರಿಯ ಯಾವುದೋ ಮೇಜಿನ ಮೇಲಿದೆ.

ಇನ್ನು ನಾಲ್ಕು ತಿಂಗಳಿಗೆ ಅವರು ನಿವೃತ್ತರಾಗುತ್ತಾರೆ. ಅವರ ಜಾಗಕ್ಕೆ ಬೇರೆಯವರು ಬರುವುದಿಲ್ಲವಂತೆ. ಮುಂದೆ ತರಬೇತಿಯೆಲ್ಲ ವಿಡಿಯೋದಲ್ಲಿ ಎಂದು ಸುತ್ತೋಲೆ ಬಂದಿದೆ. ಬೀಳ್ಕೊಡುಗೆಗೆ ಏನು ಬೇಕು ಎಂದು ಸಹೋದ್ಯೋಗಿಗಳು ಕೇಳಿದ್ದಕ್ಕೆ ಏನೂ ಬೇಡ ಎಂದಿದ್ದಾರೆ. ಆಸೆ ಎಂಬುದು ಏನೂ ಇಲ್ಲವೇ ಎಂದು ಒತ್ತಾಯಿಸಿದರೆ ಹೇಳುತ್ತಾರೆ:

"ಹದಿನೆಂಟು ತುಂಬಿದ ಮೇಲೆ ಈ ಮಕ್ಕಳು ತಮ್ಮ ಫೈಲು ತರಿಸಿಕೊಂಡು ಓದಬಹುದು. ಹಕ್ಕಿದೆ. ಆದರೆ ಯಾರೂ ಕೇಳಲ್ಲ. ಅದರಲ್ಲಿ ತಮ್ಮ ತಪ್ಪು ಬಿಟ್ರೆ ಇನ್ನೇನೂ ಇರಲ್ಲ ಅಂತ ಅವರಿಗೆ ಗೊತ್ತು. ಇವಳು ಕೇಳಲಿ. ದೊಡ್ಡೋರೊಬ್ರು 'ನಾನು ಮೊದಲು' ಅಂತ ಬರೆದು ಸಹಿ ಹಾಕಿದ ಹಾಳೆ ಒಂದಿದೆ ಅದರಲ್ಲಿ. ಅದನ್ನ ಇವಳು ಒಂದ್ಸಲ ಓದಬೇಕು."